ಸ್ನಾಫುವೋ, ಫೂಬಾರೋ, ಬರೀ ಎಡವಟ್ಟೋ: ಕೆಟ್ಟ ಗಳಿಗೆಗೆ ತಕ್ಕ ಇಂಗ್ಲಿಷ್ ಮಾತನ್ನು ಆರಿಸುವ ಬಗೆ

ಬಿಲ್ ಕಳುಹಿಸುವುದು ಎರಡು ದಿನ ತಡವಾದದ್ದಕ್ಕೆ ಗ್ರಾಹಕರೊಬ್ಬರ ಕ್ಷಮೆ ಕೇಳಿ ಬರೆಯಬೇಕಿದ್ದ ಇಂಗ್ಲಿಷ್ ಪತ್ರದಲ್ಲಿ, ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ‘ನಮ್ಮ ಕಡೆಯಿಂದಾದ ಫೂಬಾರ್‌ಗೆ ವಿಷಾದಿಸುತ್ತೇವೆ’ ಎಂಬರ್ಥದ ವಾಕ್ಯವೊಂದನ್ನು ಸೇರಿಸಿದ್ದರು. ಪತ್ರ ಹೊರಡುವ ಮೊದಲು ಅದು ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ಪ್ರೋಗ್ರಾಮಿಂಗ್ ಕಲಿಯುವಾಗ ‘ಫೂ’, ‘ಬಾರ್’ ಎಂಬ ಉದಾಹರಣೆಯ ಹೆಸರುಗಳನ್ನು ನೂರಾರು ಸಲ ಬರೆದಿದ್ದ ಅವರಿಗೆ, ಸಣ್ಣ ತಪ್ಪನ್ನು ಹೇಳಲು ತಂತ್ರಜ್ಞರು ಬಳಸುವ ಸಲಿಗೆಯ ಮಾತಿದು ಎನ್ನಿಸಿತ್ತು. ಆ ಪದದ ಮೊದಲ ಅಕ್ಷರದ ಹಿಂದೆ ಒಂದು ಬೈಗುಳ ಅಡಗಿದೆಯೆಂಬುದೂ, ಗುರುತು ಸಿಗದಷ್ಟು ಹಾಳಾದದ್ದಕ್ಕೆ ಮಾತ್ರ ಸೈನಿಕರು ಅದನ್ನು ಬಳಸುತ್ತಿದ್ದರೆಂಬುದೂ ಅವರಿಗೆ ಗೊತ್ತಿರಲಿಲ್ಲ. ಎರಡು ದಿನದ ವಿಳಂಬಕ್ಕೆ ಊರೇ ಸುಟ್ಟುಹೋಯಿತೆಂದು ಬರೆದಂತಾಗಿತ್ತು.

ಇಂಗ್ಲಿಷಿನಲ್ಲಿ ಕೆಲಸ ಮಾಡುವ, ಇಂಗ್ಲಿಷಿನಿಂದ ಅನುವಾದಿಸುವ ಕನ್ನಡಿಗರು ಇಂತಹ ಮಾತುಗಳ ನಡುವೆ ದಿನವೂ ಆಯ್ಕೆ ಮಾಡಬೇಕಾಗುತ್ತದೆ. ನಿಘಂಟು ಇವೆಲ್ಲಕ್ಕೂ ‘ಗೊಂದಲ’, ‘ಅವ್ಯವಸ್ಥೆ’, ‘ತೊಂದರೆ’ ಎಂಬ ಅರ್ಥಗಳನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತದೆ. ನನ್ನ ಅನುಭವದಲ್ಲಿ ಇವುಗಳನ್ನು ಬೇರ್ಪಡಿಸುವುದು ಅರ್ಥಕ್ಕಿಂತ ಹೆಚ್ಚಾಗಿ ಆರೋಪ. ಕೆಟ್ಟದ್ದಾಯಿತೆಂದು ಹೇಳುವ ಪ್ರತಿಯೊಂದು ಮಾತೂ ಯಾರ ಮೇಲಾದರೂ ಬೆರಳು ತೋರಿಸುತ್ತದೆ: ಸೈನ್ಯದಲ್ಲಿ ಹುಟ್ಟಿದ ಮಾತುಗಳು ಸಾಮಾನ್ಯವಾಗಿ ವ್ಯವಸ್ಥೆಯನ್ನು, ಮನೆಮಾತಿನ ನುಡಿಗಟ್ಟುಗಳು ಹಣೆಬರಹವನ್ನು, ಹಳೆಯ ಬಂದೂಕಿನಿಂದ ಬಂದ ಮಾತುಗಳು ಕಾಲವನ್ನು ದೂರುತ್ತವೆ. ಆದ್ದರಿಂದ ಪದವನ್ನು ಆರಿಸುವ ಮೊದಲು ನೀವು ಯಾರನ್ನು ದೂರಲು ಹೊರಟಿದ್ದೀರಿ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಆಮೇಲೆ, ಆದದ್ದನ್ನು ಸರಿಪಡಿಸಬಹುದೇ ಎಂದೂ, ಕೇಳಿಸಿಕೊಳ್ಳುವವರು ಯಾರೆಂದೂ ನೋಡಿಕೊಂಡರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಸ್ನಾಫುವಿನಿಂದ ಫೂಬಾರ್‌ವರೆಗೆ

ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯ ಎಲ್ಲವನ್ನೂ ಮೊದಲಕ್ಷರಗಳಿಗೆ ಇಳಿಸುವ ಚಟಕ್ಕೆ ಬಿದ್ದಿತ್ತು. ಕಚೇರಿಗಳಿಗೆ, ನಮೂನೆಗಳಿಗೆ, ಆಯುಧಗಳಿಗೆ, ಎಲ್ಲಕ್ಕೂ ಸಂಕ್ಷಿಪ್ತ ಹೆಸರು. ಈ ಚಟವನ್ನು ಅಣಕಿಸಲೆಂದೇ ಸಾಮಾನ್ಯ ಸೈನಿಕರು ತಮ್ಮದೇ ಸಂಕ್ಷೇಪಗಳನ್ನು ಕಟ್ಟಿದರು. 1941ರ ಹೊತ್ತಿಗಾಗಲೇ ಬಳಕೆಯಲ್ಲಿದ್ದ ‘ಸ್ನಾಫು’ ಅವುಗಳಲ್ಲಿ ಹಿರಿಯದು. ‘ಸಿಚುಯೇಶನ್ ನಾರ್ಮಲ್, ಆಲ್ ಫೌಲ್ಡ್ ಅಪ್’ ಎಂಬುದು ಅದರ ಮರ್ಯಾದಸ್ಥ ವಿಸ್ತರಣೆ. ‘ಫೌಲ್ಡ್’ ಇರುವ ಕಡೆ ಬ್ಯಾರಕ್ಕಿನಲ್ಲಿ ಬೇರೆ ಪದವಿತ್ತು. ವ್ಯಂಗ್ಯವೆಲ್ಲ ಇರುವುದು ‘ನಾರ್ಮಲ್’ ಎಂಬ ಮಾತಿನಲ್ಲಿ. ವರದಿಯ ಗಂಭೀರ ಧಾಟಿಯಲ್ಲಿ ‘ಪರಿಸ್ಥಿತಿ ಎಂದಿನಂತಿದೆ’ ಎಂದು ಆರಂಭಿಸಿ, ಎಲ್ಲವೂ ಕುಲಗೆಟ್ಟಿರುವುದೇ ಇಲ್ಲಿನ ಎಂದಿನ ಪರಿಸ್ಥಿತಿ ಎಂದು ಮುಗಿಸುವುದು ಅದರ ಚಮತ್ಕಾರ.

ಆ ಬೈಗುಳ ಎಲ್ಲರಿಗೂ ಗೊತ್ತಿದ್ದ ಗುಟ್ಟಾಗಿತ್ತು. 1943ರಿಂದ 1945ರವರೆಗೆ ಅಮೆರಿಕದ ಸೈನ್ಯವೇ ತನ್ನ ಸೈನಿಕರ ಶಿಕ್ಷಣಕ್ಕೆಂದು ಮಾಡಿಸಿದ ಕಾರ್ಟೂನ್ ಚಿತ್ರಗಳ ನಾಯಕನ ಹೆಸರು ಪ್ರೈವೇಟ್ ಸ್ನಾಫು. ಮಾಡಬಾರದ್ದನ್ನೆಲ್ಲ ಮಾಡಿ ಪೆಟ್ಟು ತಿನ್ನುವ ಪೆದ್ದ ಅವನು. ಮೊದಲ ಚಿತ್ರದಲ್ಲಿ ನಿರೂಪಕ ಆ ಹೆಸರನ್ನು ಬಿಡಿಸಿ ಹೇಳುವಾಗ ‘ಆಲ್…’ ಎಂದು ಒಂದು ಕ್ಷಣ ತಡೆದು, ಆಮೇಲೆ ‘ಆಲ್ ಫೌಲ್ಡ್ ಅಪ್’ ಎನ್ನುತ್ತಾನೆ. ಆ ತಡೆಯಲ್ಲಿ ಸಭಾಂಗಣದ ಸೈನಿಕರೆಲ್ಲ ಮನಸ್ಸಿನಲ್ಲೇ ಏನು ಹೇಳಿಕೊಂಡಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಮುಂದಿನ ಎಂಬತ್ತು ವರ್ಷಗಳಲ್ಲಿ ಈ ಪದದ ಮೊನೆ ಸವೆದು ಹೋಗಿದೆ. ಅಮೆರಿಕದ ಪತ್ರಿಕೆಗಳು ಟಿಕೆಟ್ ಹಂಚಿಕೆಯ ಗೊಂದಲವನ್ನೂ ಮತಪೆಟ್ಟಿಗೆಯ ಅದಲುಬದಲನ್ನೂ ಸಂಕೋಚವಿಲ್ಲದೆ ಸ್ನಾಫು ಎಂದು ಶೀರ್ಷಿಕೆಯಲ್ಲೇ ಅಚ್ಚು ಮಾಡುತ್ತವೆ. ಆದ್ದರಿಂದ ಕಚೇರಿಯ ಪತ್ರದಲ್ಲಿ ಬಳಸಿದರೆ ಬಹುಪಾಲು ಓದುಗರಿಗೆ ಮುಜುಗರವಾಗದು. ನನ್ನ ತಕರಾರು ಸಭ್ಯತೆಯದಲ್ಲ, ನಿಖರತೆಯದು. ಒಮ್ಮೆ ಮಾತ್ರ ಆದ, ಕಾರಣ ಗೊತ್ತಿರುವ ಯಾಂತ್ರಿಕ ದೋಷಕ್ಕೆ ‘ಗ್ಲಿಚ್’ ಎಂಬ ಪದವಿದೆ. 1962ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್ ಅದನ್ನು ವಿದ್ಯುತ್ ಪ್ರವಾಹದಲ್ಲಿ ದಿಢೀರನೆ ಆಗುವ ಏರಿಳಿತವೆಂದು ವಿವರಿಸಿದ್ದರು. ಗ್ಲಿಚ್ ಯಾರನ್ನೂ ದೂರುವುದಿಲ್ಲ. ಸ್ನಾಫು ದೂರುತ್ತದೆ: ಮೂರು ವಿಭಾಗಗಳು ಒಂದಕ್ಕೊಂದು ತಿಳಿಸದೆ ಒಂದೇ ದಿನ ಒಂದೇ ಸಭಾಂಗಣವನ್ನು ಕಾದಿರಿಸಿದ್ದರೆ, ಅದರಲ್ಲೂ ಹಾಗೆ ಆಗುವುದು ಆ ಸಂಸ್ಥೆಯಲ್ಲಿ ವಾಡಿಕೆಯಾಗಿದ್ದರೆ, ಅದು ಸ್ನಾಫು. ಕನ್ನಡದಲ್ಲಿ ಇದಕ್ಕೆ ‘ಎಂದಿನ ಅಧ್ವಾನ’ ಎನ್ನುವುದು ಹತ್ತಿರದ ಮಾತು. ‘ಎಂದಿನ’ ಎಂಬುದನ್ನು ಬಿಟ್ಟರೆ ಅನುವಾದದಲ್ಲಿ ಉಪ್ಪಿಲ್ಲ.

ಸ್ನಾಫುವಿನ ಮೇಲಿನ ಮೆಟ್ಟಿಲು ‘ಟಾರ್ಫು’. ‘ಈಗ ನಿಜಕ್ಕೂ ಕೆಟ್ಟಿತು’ ಎಂಬುದು ಅದರ ಭಾವ. ಅದನ್ನು ಈಗ ಯಾರೂ ಬಳಸುವುದಿಲ್ಲವಾದ್ದರಿಂದ ನೀವೂ ಬಳಸಬೇಕಿಲ್ಲ. ಕೊನೆಯ ಮೆಟ್ಟಿಲು 1944ರ ಹೊತ್ತಿಗೆ ಅಚ್ಚಿನಲ್ಲಿ ಕಾಣಿಸಿಕೊಂಡ ಫೂಬಾರ್: ‘ಗುರುತು ಸಿಗದಷ್ಟು’ ಅಥವಾ ‘ರಿಪೇರಿಯಾಗದಷ್ಟು’ ಕೆಟ್ಟದ್ದು. ಸ್ನಾಫುವಿನಲ್ಲಿ ನಾಳೆ ಇದೆ, ಫೂಬಾರ್‌ನಲ್ಲಿ ಇಲ್ಲ. ‘ಮೂರಾಬಟ್ಟೆ’, ‘ಎಕ್ಕುಟ್ಟಿ ಹೋಯಿತು’ ಎಂಬ ನಮ್ಮ ಮಾತುಗಳು ಈ ಎತ್ತರದವು. ಇದರ ಒಳಗಿನ ಬೈಗುಳ ಸ್ನಾಫುವಿನದಷ್ಟು ಸವೆದಿಲ್ಲ ಎಂಬುದನ್ನು ನೆನಪಿಡಬೇಕು. ಗೆಳೆಯರ ನಡುವೆ ಸರಿ, ಗ್ರಾಹಕರ ಮುಂದೆ ಬೇಡ. ಪ್ರೋಗ್ರಾಮರುಗಳ ‘ಫೂ’ ಮಾತ್ರ ಬೇರೆ ದಾರಿಯಲ್ಲಿ ಬಂದದ್ದು. 1930ರ ದಶಕದ ಅಮೆರಿಕದ ಕಾಮಿಕ್ ಪಟ್ಟಿಯೊಂದರಲ್ಲಿ ಅರ್ಥವಿಲ್ಲದ ಪದವಾಗಿ ಅದು ಮೆರೆದಿತ್ತು. ಸೈನಿಕರ ಫೂಬಾರ್ ಅದರ ಜೊತೆ ಆಮೇಲೆ ಬೆರೆತುಕೊಂಡಿತು. ಹೀಗಾಗಿ ಕೋಡಿನಲ್ಲಿ ‘ಫೂ’ ಎಂದು ಬರೆದದ್ದಕ್ಕೆ ಯಾರೂ ನಾಚಿಕೊಳ್ಳಬೇಕಿಲ್ಲ.

ಹಲವರು ಸೇರಿ ಕೆಡಿಸಿದ್ದು, ಒಬ್ಬರೇ ಕೆಡಿಸಿದ್ದು, ತಾನಾಗಿ ಕೆಟ್ಟದ್ದು

‘ಚಾರ್ಲಿ ಫಾಕ್ಸ್‌ಟ್ರಾಟ್’ ಎಂಬುದನ್ನು ಮೊದಲ ಸಲ ಕೇಳಿದವರು ಯಾವುದೋ ನೃತ್ಯದ ಹೆಸರೆಂದುಕೊಂಡರೆ ಆಶ್ಚರ್ಯವಿಲ್ಲ. ರೇಡಿಯೋದಲ್ಲಿ ಅಕ್ಷರಗಳು ತಪ್ಪಾಗಿ ಕೇಳಿಸಬಾರದೆಂದು 1956ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಉಚ್ಚಾರಣಾ ವರ್ಣಮಾಲೆಯಲ್ಲಿ ಸಿ ಎಂದರೆ ಚಾರ್ಲಿ, ಎಫ್ ಎಂದರೆ ಫಾಕ್ಸ್‌ಟ್ರಾಟ್. (ನಾವು ಫೋನಿನಲ್ಲಿ ‘ಬಿ ಫಾರ್ ಬಾಂಬೆ’ ಎನ್ನುವುದು ಅದೇ ಉಪಾಯದ ಮನೆತಯಾರಿ ಆವೃತ್ತಿ.) ಗುಂಪು ಎಂಬ ಅರ್ಥದ ‘ಕ್ಲಸ್ಟರ್’ ಪದಕ್ಕೆ ಅದೇ ಹಳೆಯ ಬೈಗುಳವನ್ನು ಅಂಟಿಸಿ ವಿಯೆಟ್ನಾಂ ಯುದ್ಧಕಾಲದ ಅಮೆರಿಕನ್ ಸೈನಿಕರು ಬಳಸುತ್ತಿದ್ದ ಮಾತಿಗೆ ಈ ಎರಡು ಅಕ್ಷರಗಳು ಮುಸುಕು. ಸ್ನಾಫು ಕಡತದಲ್ಲಿ ಆಗುವಂಥದ್ದಾದರೆ ಇದು ಬಯಲಿನಲ್ಲಿ ಆಗುವಂಥದ್ದು: ಐದು ಜನ ಅಧಿಕಾರಿಗಳು, ಐದು ಬೇರೆ ಬೇರೆ ಆಜ್ಞೆಗಳು, ಎಲ್ಲರೂ ಒಂದೇ ಕಿರಿದಾದ ಸೇತುವೆಯ ಮೇಲೆ. ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬ ಗಾದೆಯೇ ಇದಕ್ಕೆ ಸರಿಯಾದ ಕನ್ನಡ ಎಂದು ನನಗನ್ನಿಸುತ್ತದೆ; ಎಳೆಯುವವರಿಬ್ಬರೂ ಶಕ್ತಿವಂತರು, ಶ್ರಮದಲ್ಲಿ ಯಾರದೂ ಕೊರತೆಯಿಲ್ಲ, ಗಾಡಿ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಮುಸುಕಿದ್ದರೂ ಒಳಗಿನದು ಎಲ್ಲರಿಗೂ ಗೊತ್ತಾಗುವುದರಿಂದ ಲಿಖಿತ ವ್ಯವಹಾರಕ್ಕೆ ಇದು ತಕ್ಕದ್ದಲ್ಲ. ‘ಡಬ್ಲ್ಯುಟಿಎಫ್’ ಎಂಬ ಬೈಗುಳದ ಉದ್ಗಾರಕ್ಕೆ ಇದೇ ಬಗೆಯ ಮುಸುಕಾದ ‘ವಿಸ್ಕಿ ಟ್ಯಾಂಗೊ ಫಾಕ್ಸ್‌ಟ್ರಾಟ್’ ಎಂಬುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಬ್ರಿಟಿಷರ ‘ಕಾಕ್-ಅಪ್’ ವ್ಯಕ್ತಿಯ ಮೇಲೆ ಬೆರಳು ತೋರಿಸುತ್ತದೆ, ಆದರೆ ದ್ವೇಷವಿಲ್ಲದೆ. ಕೆಟ್ಟ ಉದ್ದೇಶವಿರಲಿಲ್ಲ, ಬುದ್ಧಿ ಸಾಲದೆ ಹೋಯಿತು ಎಂಬುದು ಅದರ ಧ್ವನಿ. ಆದ್ದರಿಂದಲೇ ಅಲ್ಲಿನ ರಾಜಕೀಯ ಚರ್ಚೆಗಳಲ್ಲಿ ಯಾವುದಾದರೂ ಹಗರಣವನ್ನು ‘ಸಂಚೋ, ಕಾಕ್-ಅಪ್ಪೋ’ ಎಂದು ತೂಗಿ ನೋಡುವುದು ರೂಢಿ. ನಮ್ಮ ‘ಎಡವಟ್ಟು’ ಇದಕ್ಕೆ ಅಕ್ಷರಶಃ ಹೊಂದುತ್ತದೆ, ‘ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ’ ಎಂಬ ಗಾದೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಲಂಡನ್ನಿನ ಕಚೇರಿಯಲ್ಲಿ ನಿರಪಾಯವಾದ ಈ ಪದ ಅಮೆರಿಕನ್ನರ ಕಿವಿಗೆ ಅಶ್ಲೀಲವಾಗಿ ಕೇಳಿಸುತ್ತದೆ ಎಂಬುದನ್ನು, ಎರಡೂ ಕಡೆಯ ಗ್ರಾಹಕರೊಡನೆ ಒಂದೇ ಕರೆಯಲ್ಲಿ ಮಾತನಾಡುವ ಬೆಂಗಳೂರಿನವರು ಮರೆಯಬಾರದು.

ಯಾರನ್ನೂ ದೂರದೆ, ಬೈಗುಳದ ವಾಸನೆಯೂ ಇಲ್ಲದೆ ಹೇಳಬೇಕೆಂದರೆ ‘ಪೇರ್-ಶೇಪ್ಡ್’ ಆಯಿತು ಎನ್ನಬಹುದು. ಇದು ಬ್ರಿಟನ್ನಿನ ವಾಯುಪಡೆಯವರ ಮಾತು. 1982ರ ಫಾಕ್ಲೆಂಡ್ ಯುದ್ಧದ ವೈಮಾನಿಕ ಕಾರ್ಯಾಚರಣೆಯ ಬಗ್ಗೆ ಬಂದ ಬರವಣಿಗೆಯ ಮೂಲಕ ಅಚ್ಚಿನಲ್ಲಿ ನೆಲೆಯೂರಿತು. ದುಂಡಗಿರಬೇಕಾದದ್ದು ಮೆಲ್ಲಮೆಲ್ಲನೆ ಜೋತುಬಿದ್ದು ಪೇರ್ ಹಣ್ಣಿನ ಆಕಾರ ತಾಳಿತು ಎಂಬ ಚಿತ್ರ ಅದರಲ್ಲಿದೆ. ಆರಂಭದಲ್ಲಿ ಎಲ್ಲ ಸರಿಯಿದ್ದು ನಡುವಿನಲ್ಲಿ ಕೆಟ್ಟ ಯೋಜನೆಗೆ ಮಾತ್ರ ಇದು ಒಪ್ಪುತ್ತದೆ, ಮೊದಲ ದಿನವೇ ಕೆಟ್ಟದ್ದಕ್ಕೆ ಒಪ್ಪುವುದಿಲ್ಲ. ‘ಹಳ್ಳ ಹಿಡಿಯಿತು’ ಎಂಬ ನಮ್ಮ ನುಡಿಗಟ್ಟಿನಲ್ಲೂ ಹೀಗೆಯೇ ನಿಧಾನವಾಗಿ ಇಳಿಜಾರಿಗೆ ಜಾರುವ ಚಿತ್ರವಿದೆ. ಒಂದೇ ಒಂದು ಪದವನ್ನು ಕಲಿತು ಎಲ್ಲೆಡೆ ಬಳಸಬೇಕೆನ್ನುವವರಿಗೆ ನಾನು ಶಿಫಾರಸು ಮಾಡುವುದು ಇದನ್ನೇ. ಅದೇ ವಾಯುಪಡೆಯ ‘ಗಾನ್ ಫಾರ್ ಎ ಬರ್ಟನ್’ ಎಂಬುದನ್ನು ಮಾತ್ರ ಎಚ್ಚರದಿಂದ ಮುಟ್ಟಬೇಕು. ಈಗ ಹಾಳಾದ ಕೆಟಲಿಗೂ ಅದನ್ನು ಬಳಸುತ್ತಾರಾದರೂ, ಎರಡನೆಯ ಮಹಾಯುದ್ಧದಲ್ಲಿ ಹಾರಿಹೋಗಿ ಮರಳಿ ಬಾರದ ಜೊತೆಗಾರನನ್ನು ಕುರಿತು, ‘ಸತ್ತ’ ಎಂಬ ಶಬ್ದವನ್ನು ಬಾಯಿಗೆ ತಂದುಕೊಳ್ಳಲಾಗದೆ ಹೇಳುತ್ತಿದ್ದ ಮಾತದು.

ಮರ್ಫಿಯ ನಿಯಮ, ಸಾಡ್‌ನ ನಿಯಮ

ಈ ಎರಡನ್ನು ಒಂದೆಂದು ತಿಳಿಯದವರೇ ಕಡಿಮೆ. 1949ರಲ್ಲಿ ಕ್ಯಾಲಿಫೋರ್ನಿಯಾದ, ಈಗ ಎಡ್ವರ್ಡ್ಸ್ ಎಂದು ಹೆಸರಾಗಿರುವ ವಾಯುನೆಲೆಯಲ್ಲಿ, ಹಠಾತ್ತನೆ ವೇಗ ತಗ್ಗಿದಾಗ ಮನುಷ್ಯನ ದೇಹ ಎಷ್ಟು ತಾಳಬಲ್ಲದೆಂಬುದನ್ನು ಜಾನ್ ಸ್ಟ್ಯಾಪ್ ಎಂಬ ವೈದ್ಯಾಧಿಕಾರಿ ಹಳಿಯ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ತಾವೇ ಕುಳಿತು ಪರೀಕ್ಷಿಸುತ್ತಿದ್ದರು. ಅಲ್ಲಿಗೆ ಕ್ಯಾಪ್ಟನ್ ಎಡ್ವರ್ಡ್ ಮರ್ಫಿ ಎಂಬ ಎಂಜಿನಿಯರ್ ತಂದ ಅಳತೆಯ ಸಾಧನಗಳನ್ನು ತಿರುಗುಮುರುಗಾಗಿ ಜೋಡಿಸಲಾಗಿತ್ತು. ಪ್ರಯೋಗ ಮುಗಿದಾಗ ಅಳತೆ ಶೂನ್ಯ. ತಪ್ಪಾಗಿ ಮಾಡಲು ಒಂದು ದಾರಿಯಿದ್ದರೆ ಯಾರಾದರೊಬ್ಬರು ಆ ದಾರಿಯನ್ನು ಹಿಡಿದೇ ಹಿಡಿಯುತ್ತಾರೆ ಎಂಬ ಅರ್ಥದ ಅವರ ಗೊಣಗಾಟವೇ ಮರ್ಫಿಯ ನಿಯಮವಾಯಿತು. ಅಂದರೆ ಇದು ಹಣೆಬರಹದ ಬಗೆಗಿನ ಹಳಹಳಿಕೆಯಲ್ಲ, ವಿನ್ಯಾಸಕಾರನಿಗೆ ಕೊಟ್ಟ ಎಚ್ಚರಿಕೆ: ತಲೆಕೆಳಗಾಗಿ ಸಿಕ್ಕಿಸಲು ಬಾರದಂತೆ ಪ್ಲಗ್ಗನ್ನು ಮಾಡು ಎಂಬುದು ಅದರ ತಿರುಳು. ಸಭೆಯಲ್ಲಿ ‘ಮರ್ಫಿಯನ್ನು ನೆನಪಿಡೋಣ’ ಎಂದರೆ ‘ಇನ್ನೊಂದು ಪ್ರತಿ ತೆಗೆದಿಡೋಣ’ ಎಂದರ್ಥವಾಗಬೇಕು. ‘ನಮ್ಮ ಗ್ರಹಚಾರ’ ಎಂದಲ್ಲ.

ಗ್ರಹಚಾರವನ್ನು ಹೇಳಲು ಬ್ರಿಟಿಷರಿಗೆ ‘ಸಾಡ್ಸ್ ಲಾ’ ಇದೆ. ಕೊಡೆ ತಂದ ದಿನ ಮಳೆ ಬಾರದು, ಮರೆತ ದಿನ ಬರುತ್ತದೆ. ಬ್ರೆಡ್ಡಿನ ಚೂರು ಕೈಜಾರಿದರೆ ಬೆಣ್ಣೆ ಹಚ್ಚಿದ ಮೈ ಕೆಳಗಾಗಿಯೇ ಬೀಳುತ್ತದೆ. (ಈ ಕೊನೆಯದಕ್ಕೆ 1995ರಲ್ಲಿ ರಾಬರ್ಟ್ ಮ್ಯಾಥ್ಯೂಸ್ ಎಂಬುವವರು ಭೌತಶಾಸ್ತ್ರದ ಪತ್ರಿಕೆಯೊಂದರಲ್ಲಿ ಕಾರಣ ಕೊಟ್ಟರು: ಮೇಜಿನ ಎತ್ತರದಿಂದ ಬೀಳುವ ಚೂರಿಗೆ ಪೂರ್ತಿ ಒಂದು ಸುತ್ತು ತಿರುಗಲು ಸಮಯ ಸಾಲದು, ಅರ್ಧ ಸುತ್ತಿಗೇ ನೆಲ ಸಿಗುತ್ತದೆ. ಹಣೆಬರಹಕ್ಕೂ ಒಂದು ಎತ್ತರವಿದೆ.) ಕಾಲ ಕೆಟ್ಟಾಗ ಎಲ್ಲವೂ ತನಗೆ ಎದುರಾಗುತ್ತದೆಂಬ ಈ ಭಾವಕ್ಕೆ ಕನ್ನಡದಲ್ಲಿ ‘ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು’ ಎನ್ನುತ್ತೇವೆ. ಆದ್ದರಿಂದ ತಪ್ಪನ್ನು ತಡೆಯಬಹುದಿತ್ತಾದರೆ ಮರ್ಫಿ, ತಡೆಯಲು ಯಾರಿಗೂ ಸಾಧ್ಯವಿರಲಿಲ್ಲವಾದರೆ ಸಾಡ್. ತಾನೇ ಮಾಡಿದ ತಪ್ಪಿಗೆ ಸಾಡ್‌ನ ಹೆಸರು ಹೇಳುವುದು ಜಾಣರ ಚಾಳಿ. ಅದನ್ನು ಗುರುತಿಸಲು ಈ ವ್ಯತ್ಯಾಸ ಸಹಾಯಕ್ಕೆ ಬರುತ್ತದೆ.

ಹೊತ್ತು ತಪ್ಪಿದ್ದಕ್ಕೆ ಬಂದೂಕಿನ ಭಾಷೆ

ಅಕಾಲದಲ್ಲಿ ಆದದ್ದನ್ನು ಹೇಳುವ ಇಂಗ್ಲಿಷ್ ಮಾತುಗಳಲ್ಲಿ ಅತ್ಯಂತ ನಿಖರವಾದವು ಚಕಮಕಿ ಕಲ್ಲಿನ ಬಂದೂಕಿನಿಂದ ಬಂದಿವೆ. ಆ ಬಂದೂಕಿನ ಹೊರಮೈಯಲ್ಲಿ ಒಂದು ಪುಟ್ಟ ತಟ್ಟೆ, ಅದರಲ್ಲಿ ಚಿಟಿಕೆ ಮದ್ದು. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ, ತಟ್ಟೆಯ ಮದ್ದು ಭಗ್ಗೆನ್ನುತ್ತದೆ, ಆ ಬೆಂಕಿ ಸಣ್ಣ ತೂತಿನ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟಿ ಗುಂಡು ಹಾರುತ್ತದೆ. ಈ ಸರಪಳಿ ಮೂರು ಕಡೆ ತಪ್ಪಬಹುದು, ಮೂರಕ್ಕೂ ಬೇರೆ ಬೇರೆ ನುಡಿಗಟ್ಟುಗಳಿವೆ. ಅವುಗಳನ್ನು ಒಂದರ ಬದಲಿಗೆ ಇನ್ನೊಂದೆಂದು ಬಳಸುವುದು ಇಂಗ್ಲಿಷ್ ಬಲ್ಲ ಕನ್ನಡಿಗರಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು.

ತಟ್ಟೆಯ ಮದ್ದು ಉರಿದು ಬೆಳಕು ಮಾತ್ರ ಬಂದು ಗುಂಡು ಹಾರದಿದ್ದರೆ ‘ಫ್ಲ್ಯಾಶ್ ಇನ್ ದ ಪ್ಯಾನ್’. ಮೊದಲ ಪಂದ್ಯದಲ್ಲಿ ಶತಕ ಹೊಡೆದು ಆಮೇಲೆ ಕಾಣದಾದ ಆಟಗಾರನಿಗೆ ಇದು ಹೊಂದುತ್ತದೆ. ದೀಪಾವಳಿಯಲ್ಲಿ ಬೆಳೆದ ನಮಗೆ ಇದನ್ನು ವಿವರಿಸಬೇಕಿಲ್ಲ, ‘ಠುಸ್ ಪಟಾಕಿ’ ಎಂದರೆ ಸಾಕು. ಕಿಡಿ ಮುಟ್ಟಿದರೂ ಒಳಗಿನ ಮದ್ದು ಹೊತ್ತಿಕೊಳ್ಳಲು ತಡಮಾಡಿದರೆ ‘ಹ್ಯಾಂಗ್ ಫೈರ್’. ಅದೂ ಪಟಾಕಿ ಹಚ್ಚುವವರಿಗೆ ಗೊತ್ತಿರುವ ಗಳಿಗೆಯೇ: ಹೊತ್ತಿತೋ ಇಲ್ಲವೋ ಎಂದು ಬಗ್ಗಿ ನೋಡಲು ಹೊರಟ ಮಗುವನ್ನು ಹಿರಿಯರು ತೋಳು ಹಿಡಿದು ಹಿಂದಕ್ಕೆಳೆಯುವ ಗಳಿಗೆ. ಭಾರತದ ಇಂಗ್ಲಿಷ್ ಪತ್ರಿಕೆಗಳಿಗೆ ಈ ಮಾತೆಂದರೆ ಬಲು ಪ್ರೀತಿ. ವರ್ಷಗಟ್ಟಲೆ ಕೊಳೆಯುವ ಕಡತಗಳೆಲ್ಲ ಅಲ್ಲಿ ‘ಹ್ಯಾಂಗಿಂಗ್ ಫೈರ್’ ಆಗಿರುತ್ತವೆ. ಮೂಲದ ಅರ್ಥದಲ್ಲಿ ಇದು ಯಾವ ಕ್ಷಣದಲ್ಲಾದರೂ ಸಿಡಿಯಬಹುದಾದದ್ದನ್ನು ಹೇಳುತ್ತದೆ, ಧೂಳು ತಿನ್ನುತ್ತಿರುವುದನ್ನಲ್ಲ. ‘ನೆನೆಗುದಿಗೆ ಬಿತ್ತು’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವರು ‘ಪೆಂಡಿಂಗ್’ ಎಂದು ಸುಮ್ಮನಾಗುವುದು ಲೇಸು. ಸುತ್ತಿಗೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸುವ ಸುರಕ್ಷಿತ ಸ್ಥಿತಿಯಿಂದಲೇ ಬಂದೂಕು ಸಿಡಿದರೆ ‘ಹಾಫ್-ಕಾಕ್ಡ್’: ಸಿದ್ಧತೆಯಿಲ್ಲದೆ, ಹೊತ್ತಿಗೆ ಮುಂಚೆ ಬಾಯಿಬಿಟ್ಟವರಿಗೆ ಸಲ್ಲುವ ಮಾತು.

ಹೊತ್ತು ಮೀರಿದ ಮೇಲೆ ಮಾಡಿದ್ದನ್ನು ಹೇಳಲು ಮಾತ್ರ ಇಂಗ್ಲಿಷಿನವರು ಬಂದೂಕನ್ನು ಬಿಟ್ಟು ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕುತ್ತಾರೆ. ಇಲ್ಲಿ ಸೈನಿಕ ನುಡಿ ನಮ್ಮ ಕಡೆಯದು: ‘ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು.’ ಕೋಟೆಯ ಗಾದೆ ರಾಜ್ಯದ ನಷ್ಟವನ್ನು ಹೇಳುತ್ತದೆ, ಲಾಯದ್ದು ಮನೆಯ ನಷ್ಟವನ್ನು. ಅನುವಾದದಲ್ಲಿ ಒಂದನ್ನು ಇನ್ನೊಂದಕ್ಕೆ ಇಡುವಾಗ ಪ್ರಸಂಗದ ಗಾತ್ರವನ್ನು ನೋಡಿಕೊಳ್ಳಬೇಕು.

ಸೈನಿಕರ ದಿನಚರಿಯ ಇನ್ನೊಂದು ಮಾತು ‘ಹರಿ ಅಪ್ ಆ್ಯಂಡ್ ವೇಟ್’, ಓಡೋಡಿ ಬಾ, ಬಂದು ಕಾದು ಕೂರು. ಬೆಳಗಿನ ನಾಲ್ಕಕ್ಕೆ ಎಬ್ಬಿಸಿ, ಸಾಲು ನಿಲ್ಲಿಸಿ, ಮಧ್ಯಾಹ್ನದವರೆಗೆ ಲಾರಿಗೆ ಕಾಯಿಸುವ ಸೈನ್ಯದ ಕ್ರಮವನ್ನು ಇದು ಕುಟುಕುತ್ತದೆ. ವಿಮಾನ ನಿಲ್ದಾಣದಲ್ಲೂ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೂ ಸರಾಗವಾಗಿ ಬಳಸಬಹುದಾದ, ಯಾರಿಗೂ ನೋವಾಗದ ನುಡಿಗಟ್ಟಿದು.

ಕ್ಯಾಚ್-22 ಎನ್ನಬೇಕಾದದ್ದು ಯಾವಾಗ

ಎಲ್ಲ ಬಗೆಯ ಇಕ್ಕಟ್ಟಿಗೂ ಈಗ ಕ್ಯಾಚ್-22 ಎನ್ನುವುದು ವಾಡಿಕೆಯಾಗಿದೆ. ಈ ಪದ ಬಂದದ್ದು ಜೋಸೆಫ್ ಹೆಲ್ಲರ್ 1961ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿಯಿಂದ. ಅವರು ಸ್ವತಃ ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳಲ್ಲಿ ಹಾರಿದವರು. ಅಂಕಿ ಮೊದಲು 18 ಇತ್ತು, ಅದೇ ಹೊತ್ತಿಗೆ ಇನ್ನೊಬ್ಬ ಲೇಖಕರ ಕಾದಂಬರಿಯ ಹೆಸರಿನಲ್ಲೂ 18 ಇದ್ದದ್ದರಿಂದ 22 ಆಯಿತು. ಅಲ್ಲಿನ ನಿಯಮ ಹೀಗಿದೆ: ಹುಚ್ಚು ಹಿಡಿದ ವೈಮಾನಿಕನನ್ನು ಹಾರಾಟದಿಂದ ಬಿಡಿಸಬಹುದು, ಆದರೆ ಅವನೇ ಕೇಳಬೇಕು, ಸಾವಿನ ಭಯದಿಂದ ಬಿಡಿಸಿರೆಂದು ಕೇಳುವಷ್ಟು ಬುದ್ಧಿ ನೆಟ್ಟಗಿರುವವನು ಹುಚ್ಚನಲ್ಲ, ಆದ್ದರಿಂದ ಅವನು ಹಾರಬೇಕು.

ಇದನ್ನು ಓದಿದ ಯಾವ ಕನ್ನಡಿಗನಿಗೂ ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆ ನೆನಪಾಗದಿರದು. ಹುಚ್ಚೂ ಅದೇ, ಸುತ್ತೂ ಅದೇ. ಆದರೂ ಇವೆರಡೂ ಪೂರ್ತಿ ಒಂದಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಗಾದೆಯಲ್ಲಿ ಗಂಟು ಹಾಕಿದವರು ಯಾರೂ ಇಲ್ಲ, ಲೋಕದ ರೀತಿಯೇ ಹಾಗಿದೆ. ಕ್ಯಾಚ್-22ರಲ್ಲಿ ಗಂಟನ್ನು ಯಾರೋ ಬೇಕೆಂದೇ ಹಾಕಿದ್ದಾರೆ, ಅದರಿಂದ ಅವರಿಗೆ ಲಾಭವಿದೆ, ಅವರ ಬಳಿ ಮೊಹರು ಇದೆ. ವಿಳಾಸದ ದಾಖಲೆಯಿಲ್ಲದೆ ಬ್ಯಾಂಕ್ ಖಾತೆ ಇಲ್ಲ, ಬ್ಯಾಂಕ್ ಖಾತೆಯಿಲ್ಲದೆ ಬಾಡಿಗೆ ಕರಾರು ಇಲ್ಲ, ಕರಾರಿಲ್ಲದೆ ವಿಳಾಸದ ದಾಖಲೆ ಇಲ್ಲ ಎಂದು ಹೊರದೇಶದಲ್ಲಿ ಹೊಸದಾಗಿ ಇಳಿದವರು ಅನುಭವಿಸುವ ಪಜೀತಿ ಶುದ್ಧ ಕ್ಯಾಚ್-22. ಎರಡು ಕೆಟ್ಟ ದಾರಿಗಳಲ್ಲಿ ಒಂದನ್ನು ಹಿಡಿಯಲೇಬೇಕಾದ ಸಂಕಟ ಅದಲ್ಲ; ಅದಕ್ಕೆ ನಮ್ಮಲ್ಲಿ ‘ಅತ್ತ ದರಿ, ಇತ್ತ ಪುಲಿ’, ಅವರಲ್ಲಿ ‘ಕಲ್ಲು ಮತ್ತು ಗಟ್ಟಿ ಜಾಗದ ನಡುವೆ’ ಎಂಬ ಮಾತುಗಳಿವೆ. ‘ಬಿಸಿತುಪ್ಪ ನುಂಗಲಾಗದು, ಉಗುಳಲಾಗದು’ ಎಂಬುದು ಇನ್ನೊಂದು ಬಗೆ. ಅಲ್ಲಿ ತುಪ್ಪದ ಆಸೆಯೂ ಇರುವುದರಿಂದ ಅದಕ್ಕೆ ಸಾಟಿಯಾದ ಇಂಗ್ಲಿಷ್ ಮಾತು ನನಗೆ ಇನ್ನೂ ಸಿಕ್ಕಿಲ್ಲ.

ಒಂದರ ಮೇಲೊಂದು ಬಂದಾಗ

‘ಇಟ್ ನೆವರ್ ರೇನ್ಸ್ ಬಟ್ ಇಟ್ ಪೋರ್ಸ್’ ಎಂಬುದನ್ನು ಅಕ್ಷರಶಃ ಕನ್ನಡಿಸಿದವರು ಮೋಸ ಹೋಗುತ್ತಾರೆ. ಮಳೆ ಧೋ ಎಂದು ಸುರಿಯಿತು ಎಂದರೆ ಬಯಲುಸೀಮೆಯ ಓದುಗ ಸಂತೋಷಪಡುತ್ತಾನೆಯೇ ಹೊರತು ಮರುಗುವುದಿಲ್ಲ. ನಮ್ಮ ಕಷ್ಟದ ರೂಪಕ ಮಳೆಯಲ್ಲ, ಬರ: ‘ಬರಗಾಲದಲ್ಲಿ ಅಧಿಕ ಮಾಸ.’ ಚಾಂದ್ರಮಾನದ ಲೆಕ್ಕವನ್ನು ಸೂರ್ಯನ ಗತಿಗೆ ಹೊಂದಿಸಲು ಸುಮಾರು ಮೂವತ್ತೆರಡು, ಮೂವತ್ತಮೂರು ತಿಂಗಳಿಗೊಮ್ಮೆ ಸೇರುವ ಹೆಚ್ಚುವರಿ ತಿಂಗಳು, ಕಣಜ ಬರಿದಾದ ವರ್ಷವೇ ಬಂದರೆ ಉಣ್ಣಬೇಕಾದ ದಿನಗಳು ಮೂವತ್ತು ಹೆಚ್ಚಾದವು. ಇಂಗ್ಲಿಷಿನ ಮಾತು ಕಷ್ಟಗಳ ರಾಶಿಯನ್ನು ಮಾತ್ರ ಹೇಳುತ್ತದೆ. ನಮ್ಮದು ಅದು ಬಂದ ಹೊತ್ತನ್ನೂ ಹೇಳುತ್ತದೆ. ಇಬ್ಬರು ಒಟ್ಟಿಗೆ ರಜೆ ಹಾಕಿ, ಅದೇ ದಿನ ಸರ್ವರ್ ನಿಂತರೆ ಇಂಗ್ಲಿಷ್ ಮಾತು ಸಾಕು. ಸಂಬಳ ಕಡಿತವಾದ ತಿಂಗಳಲ್ಲೇ ಮಗುವಿನ ಶಾಲೆಯ ಶುಲ್ಕ ಬಂದರೆ ಕನ್ನಡದ್ದೇ ಬೇಕು.

ಇದರ ಪಕ್ಕದಲ್ಲಿರುವ ‘ಆ್ಯಡಿಂಗ್ ಇನ್ಸಲ್ಟ್ ಟು ಇಂಜುರಿ’ಗೆ ‘ಗಾಯದ ಮೇಲೆ ಬರೆ’ ಸರಿಹೊಂದುತ್ತದೆ. ಎರಡರಲ್ಲೂ ಬರೆ ಎಳೆಯುವ ಒಬ್ಬ ಮನುಷ್ಯ ಇರಲೇಬೇಕು. ಹವಾಮಾನವೂ ಗ್ರಹಗಳೂ ಅವಮಾನ ಮಾಡುವುದಿಲ್ಲ.

ದೇವಳಾಲಿಯ ಜ್ವರ ಮತ್ತು ವಿಲಾಯತಿಯ ಗಾಯ

ಬ್ರಿಟಿಷ್ ಸೈನಿಕರ ಮಾತುಗಳಲ್ಲಿ ಕೆಲವು ನಮ್ಮ ನೆಲದಿಂದಲೇ ಹೋದವು. ತಲೆಕೆಟ್ಟಿತು ಎಂಬರ್ಥದಲ್ಲಿ ಇಂಗ್ಲೆಂಡಿನ ಅಜ್ಜಿಯರು ಇಂದಿಗೂ ಹೇಳುವ ‘ಡೂಲಾಲಿ’ ಬಂದದ್ದು ಮಹಾರಾಷ್ಟ್ರದ ನಾಸಿಕದ ಬಳಿಯ ದೇವಳಾಲಿಯಿಂದ. ಸೇವಾವಧಿ ಮುಗಿಸಿದ ಸೈನಿಕರು ಊರಿಗೆ ಹೋಗುವ ಹಡಗಿಗಾಗಿ ಕಾಯುತ್ತಿದ್ದ ಶಿಬಿರ ಅಲ್ಲಿತ್ತು. ಹಡಗುಗಳು ಹೊರಡುತ್ತಿದ್ದದ್ದು ಚಳಿಗಾಲದ ತಿಂಗಳುಗಳಲ್ಲಿ. ಅವಧಿ ತಪ್ಪಿ ಬಂದವನು ಕೆಲಸವೂ ಇಲ್ಲದೆ, ಬಿಡುಗಡೆಯೂ ಇಲ್ಲದೆ, ಸೆಕೆಯಲ್ಲಿ ತಿಂಗಳುಗಟ್ಟಲೆ ಕೂರಬೇಕಿತ್ತು. ಹಾಗೆ ಕೂತು ವಿಚಿತ್ರವಾಗಿ ಆಡತೊಡಗಿದವನಿಗೆ ‘ಡೂಲಾಲಿ ಟ್ಯಾಪ್’ ಹಿಡಿದಿದೆ ಎನ್ನುತ್ತಿದ್ದರು. ಆ ‘ಟ್ಯಾಪ್’ ಜ್ವರವೆಂಬ ಅರ್ಥದ ಹಿಂದುಸ್ತಾನಿ ‘ತಪ್’, ನಮ್ಮ ‘ತಾಪ’ದ ನೆಂಟ. ಓಡೋಡಿ ಬಂದು ಕಾಯುವ ಅಮೆರಿಕನ್ ಸೈನಿಕನ ಮಾತು ಗಂಟೆಗಳ ಕಾಯುವಿಕೆಗೆ. ಡೂಲಾಲಿ, ಕಾಯುವಿಕೆಯೇ ಕಾಯಿಲೆಯಾದಾಗ. ಇದನ್ನು ತಮಾಷೆಗೆ ತನ್ನ ಬಗ್ಗೆ ಹೇಳಿಕೊಳ್ಳಬಹುದು, ಮನೋರೋಗದಿಂದ ನರಳುವವರ ಬಗ್ಗೆ ಹೇಳಬಾರದು.

ಹಾಯಾದ ಕೆಲಸಕ್ಕೆ ಅವರು ಹೇಳುವ ‘ಕುಶಿ’ ನಮ್ಮ ಖುಷಿಯ ಮೂಲದ್ದೇ. ‘ವಿಲಾಯತಿ’ ಎಂಬುದನ್ನು ಅವರ ನಾಲಿಗೆ ‘ಬ್ಲೈಟಿ’ ಮಾಡಿತು, ತಮ್ಮ ದೇಶಕ್ಕೆ ಅವರು ನಮ್ಮ ಬಾಯಿಂದ ಹೆಸರು ಪಡೆದರು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಇದರಿಂದ ಹುಟ್ಟಿದ ‘ಬ್ಲೈಟಿ ಒನ್’ ಎಂಬ ಮಾತು ಮೇಲಿನ ಎಲ್ಲ ಮಾತುಗಳಿಗೂ ತಿರುಗುಮುರುಗಾದದ್ದು. ಸಾಯುವಷ್ಟು ದೊಡ್ಡದಲ್ಲದ, ಆದರೆ ಶಿಬಿರದಲ್ಲೇ ವಾಸಿಯಾಗದಷ್ಟು ದೊಡ್ಡದಾದ, ಊರಿಗೆ ಕಳುಹಿಸಲೇಬೇಕಾದ ಗಾಯ ಅದು. ಕಾಲಿಗೆ ಗುಂಡು ಬಿದ್ದವನನ್ನು ಜೊತೆಗಾರರು ಅಭಿನಂದಿಸುತ್ತಿದ್ದರು. ಮುಂದಿನ ಮಹಾಯುದ್ಧದಲ್ಲಿ ಅಮೆರಿಕನ್ನರು ಇದನ್ನೇ ‘ಮಿಲಿಯನ್ ಡಾಲರ್ ವೂಂಡ್’ ಎಂದರು. ಕೆಟ್ಟದ್ದೇ ಆದರೂ ಸರಿಯಾದ ಹೊತ್ತಿಗೆ ಬಂದದ್ದನ್ನು ಹೇಳಬೇಕಾದಾಗ ಆಯ್ಕೆ ಈ ಎರಡರ ನಡುವೆ. ಕಂದಕದ ಕಥೆಯನ್ನು ಅನುವಾದಿಸುವವರು ‘ವಿಲಾಯತಿಯ ಗಾಯ’ ಎಂದೇ ಬರೆಯಬಹುದು. ಇಂದಿನ ಮಾತುಕತೆಯಲ್ಲಿ, ವಾರ್ಷಿಕ ಲೆಕ್ಕಪರಿಶೋಧನೆಯ ವಾರವೇ ಕಾಲು ಉಳುಕಿ ಮನೆಯಲ್ಲಿ ಮಲಗಿದ ಸಹೋದ್ಯೋಗಿಯನ್ನು ರೇಗಿಸಲು ಅಮೆರಿಕನ್ನರ ಮಾತು ಹೆಚ್ಚು ಜನರಿಗೆ ಅರ್ಥವಾಗುತ್ತದೆ.